ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಮುಖದ ಬಂಗಿಗೆ ಕಂಡ ಕಂಡ ಕ್ರೀಮ್ ಹಚ್ಚಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆಗೆ ಬಂಗು ಬಂತು. ಹತ್ತಿ ಬಿಡಿಸೋಕೆ ಹೊಲಕ್ಕೆ ಹೋಗ್ತೀನಿ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು, ಒಂದೇ ತಿಂಗಳಿಗೆ ಮುಖ ತಿಳಿಯಾಯ್ತು. ವರ್ಷದಿಂದ ಅದನ್ನೇ ಹಚ್ತಾ ಇದ್ದೀನಿ. ಈಗ ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಉರಿಯುತ್ತೆ. ಮೊಡವೆ ಬಂದಿವೆ, ಗಲ್ಲದ ಮೇಲೆ ಕೂದಲೂ ಬಂದಿದೆ. ಎರಡು ದಿನ ಬಿಟ್ಟರೆ ಉರಿ ಇನ್ನೂ ಜಾಸ್ತಿ. ಏನು ಮಾಡಲಿ?
— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಮೊದಲು ಆ ಟ್ಯೂಬಿನ ವಿಷಯ ಮಾತಾಡೋಣಮ್ಮ, ಬಂಗು ಆಮೇಲೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಮನೆಯಲ್ಲಿ ಇಂಗ್ಲಿಷ್ ಬರುವವರ ಕೈಲಿ ಓದಿಸಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲುಸಿನೋಲೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್, ಅಂದರೆ ಉರಿ-ಊತ ತಗ್ಗಿಸುವ ಜೋರು ಔಷಧಿ. ನೀವು ಹೇಳಿದ ಉರಿ, ಮೊಡವೆ, ಕೂದಲು ಮೂರೂ ಸ್ಟಿರಾಯ್ಡನ್ನು ಬಹಳ ದಿನ ಹಚ್ಚಿದ ಮುಖದಲ್ಲಿ ಕಾಣುವಂಥವೇ. ಮೊದಮೊದಲು ಮುಖ ಬೆಳ್ಳಗಾಗುತ್ತೆ ನಿಜ, ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ಸಣ್ಣ ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಉರಿ ಬರುತ್ತೆ, ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತೀವಿ. ಇದು ನಿಮ್ಮ ತಪ್ಪಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಹೇಳಿದೆ. ಆದರೂ ಕೇಳಿದವರಿಗೆಲ್ಲ ಕೊಡುತ್ತಾರಲ್ಲ, ಅದು ನನಗೆ ತುಂಬಾ ನೋವಿನ ವಿಷಯ.

ಟ್ಯೂಬನ್ನು ಎಸೆಯಬೇಡಿ. ಅದನ್ನು ತೆಗೆದುಕೊಂಡು ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಈ ವಾರವೇ ಹೋಗಿ. ಒಮ್ಮೆಲೇ ನಿಲ್ಲಿಸಬೇಕೋ, ನಿಧಾನಕ್ಕೆ ಕಮ್ಮಿ ಮಾಡಬೇಕೋ ಅನ್ನೋದನ್ನು ಅವರು ಮುಖ ನೋಡಿ ಹೇಳುತ್ತಾರೆ. ಚರ್ಮ ಸುಧಾರಿಸೋಕೆ ತಿಂಗಳುಗಳೇ ಬೇಕಾಗಬಹುದು.

ಇನ್ನು ಬಂಗು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅತಿಯಾಗಿ ಕೆಲಸ ಮಾಡಿದಾಗ ಬರುವಂಥದ್ದು ಇದು. ಬಸಿರು, ಗರ್ಭ ತಡೆಯುವ ಮಾತ್ರೆ, ಮನೆತನದಲ್ಲಿ ಇರೋದು ಎಲ್ಲಾ ಕಾರಣಗಳೇ, ಆದರೆ ಅದನ್ನು ದಿನಾ ಕೆಣಕೋದು ಬಿಸಿಲು. ಒಲೆಯ ಝಳವೂ ಕೆಲವರಿಗೆ ಆಗಲ್ಲ. ಹಾಗಾಗಿ ಬಿಸಿಲು ತಡೆಯದೆ ಎಷ್ಟು ದುಡ್ಡಿನ ಕ್ರೀಮ್ ಹಚ್ಚಿದರೂ ಬಂಗು ವಾಪಸ್ ಬರುತ್ತೆ. ಹೊಲಕ್ಕೆ ಹೊರಡೋ ಮುಂಚೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ, ಟ್ಯೂಬಿನ ಮೇಲೆ SPF ಅಂತ ಇರುತ್ತೆ) 30ಕ್ಕಿಂತ ಕಮ್ಮಿ ಇಲ್ಲದ ಸನ್‌ಸ್ಕ್ರೀನ್ ಹಚ್ಚಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಎಷ್ಟಾಗುತ್ತೋ ಅಷ್ಟು ಮುಖ-ಕುತ್ತಿಗೆಗೆ ಬೇಕು, ಕಡಲೆಕಾಳಷ್ಟು ಸಾಲದು. ಎರಡು ಮೂರು ತಾಸಿಗೊಮ್ಮೆ ಬೆವರು ಒರೆಸಿಕೊಂಡು ಮತ್ತೆ ಹಚ್ಚಿ, ಬುತ್ತಿ ಬಿಚ್ಚೋ ಹೊತ್ತಿಗಂತೂ ಮರೆಯಬೇಡಿ. ಮೇಲೆ ದಪ್ಪ ಬಟ್ಟೆಯ ಸೆರಗನ್ನು ಹಣೆ ಮುಚ್ಚುವ ಹಾಗೆ ಮುಂದಕ್ಕೆ ಎಳೆದುಕೊಳ್ಳಿ. ತೆಳು ನೈಲಾನ್ ಸೀರೆ ಬಿಸಿಲು ತಡೆಯಲ್ಲ.

ಉರಿ ಪೂರ್ತಿ ಇಳಿದ ಮೇಲೆ ಬಂಗಿನ ಔಷಧಿ. ಅಜೆಲಾಯಿಕ್ ಆಮ್ಲದ ಕ್ರೀಮ್ ಕೊಡಬಹುದು. ಹೈಡ್ರೋಕ್ವಿನೋನ್ ಕೆಲಸ ಮಾಡುತ್ತೆ, ಆದರೆ ಡಾಕ್ಟರ ಕಣ್ಗಾವಲಲ್ಲಿ ಕೆಲವೇ ತಿಂಗಳು. ವರ್ಷಗಟ್ಟಲೆ ಹಚ್ಚಿದರೆ ಅದೇ ನೀಲಿಗಪ್ಪು ಕಲೆ ತರಬಹುದು. ಟ್ರನೆಕ್ಸಾಮಿಕ್ ಆಮ್ಲದ ಮಾತ್ರೆಯೂ ಇದೆ, ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ ಅದು ಬೇಡವೇ ಬೇಡ. ಬಸಿರಿದ್ದರೆ, ಮಗುವಿಗೆ ಹಾಲು ಕೊಡುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ದಯವಿಟ್ಟು ಸಾಲ ಮಾಡಿ ಲೇಸರ್‌ಗೆ ಹೋಗಬೇಡಿ, ನಮ್ಮಂಥ ಕಂದು ಚರ್ಮದಲ್ಲಿ ಅದಾದ ಮೇಲೆ ಬಂಗು ಇನ್ನೂ ಕಪ್ಪಾಗಿರೋದೂ ಉಂಟು. ಬಂಗು ತಿಳಿಯಾಗುತ್ತೆ. ಪೂರ್ತಿ ಹೋಗಿಯೇ ಹೋಗುತ್ತೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಪ್ರಶ್ನೆ: ನನಗೆ 26. ಹಣೆ, ಕುತ್ತಿಗೆ ಕಪ್ಪಾಗಿ ಒರಟಾಗಿದೆ. ದಿನಾ ಸ್ನಾನಕ್ಕೆ ಬ್ರಷ್ ಹಾಕಿ ಉಜ್ಜುತ್ತೇನೆ, ನಿಂಬೆಹಣ್ಣೂ ಹಚ್ಚಿದೆ. ಹೋಗ್ತಾ ಇಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬ್ರಷ್ ಇವತ್ತೇ ಬಿಡಿ, ಉಜ್ಜಿದಷ್ಟೂ ಚರ್ಮ ಕಪ್ಪಾಗುತ್ತೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಲೆ ಬೀಳಬಹುದು. ಇದು ಕೊಳೆ ಇರಲಿಕ್ಕಿಲ್ಲ. ಕುತ್ತಿಗೆ ಮಡಿಕೆಯಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಎಷ್ಟೋ ಸಲ ದೇಹದಲ್ಲಿ ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ನೋಡಿಸಿ. ತೂಕ ಜಾಸ್ತಿ ಇದ್ದವರಿಗೆ ಅದು ಇಳಿದಂತೆ ಈ ಕಪ್ಪೂ ಕಮ್ಮಿಯಾಗುತ್ತೆ.

ಪ್ರಶ್ನೆ: 58 ವರ್ಷ. ಕೂದಲಿಗೆ ಡೈ ಹಚ್ಚುತ್ತೇನೆ. ಹಣೆಯ ಅಂಚು, ಕಿವಿಯ ಪಕ್ಕ ಕಪ್ಪಾಗಿದೆ. ಇದೂ ಬಂಗಾ?
— ಓದುಗರೊಬ್ಬರು, ಮೈಸೂರು

ಉತ್ತರ: ಕೂದಲಿನ ಅಂಚಿಗೇ ಕಪ್ಪು ಬಂದಿದೆ ಅಂದರೆ ಡೈ ಮೇಲೇ ನನಗೆ ಅನುಮಾನ. ಬಹಳಷ್ಟು ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ, ಅದು ಅಲರ್ಜಿಯಾದರೆ ತುರಿಕೆ ಇಲ್ಲದೆಯೂ ಚರ್ಮ ಕಪ್ಪಾಗಬಹುದು. ಕಪ್ಪು ಮೆಹೆಂದಿಯಲ್ಲೂ ಅದೇ ಇರುವುದುಂಟು, ಬರೀ ಗೋರಂಟಿ ಸೊಪ್ಪಿನ ಪುಡಿಯಾದರೆ ಆ ಭಯ ಇಲ್ಲ. ಸದ್ಯಕ್ಕೆ ಡೈ ನಿಲ್ಲಿಸಿ. ಹಣೆಯ ನಡುವೆಯೂ ಕಪ್ಪಾಗಿದ್ದರೆ ಕುಂಕುಮವನ್ನೂ ಕೆಲವು ತಿಂಗಳು ಬಿಟ್ಟು ನೋಡಿ, ಅದರಲ್ಲಿ ಬೆರೆಸುವ ಬಣ್ಣಕ್ಕೂ ಹೀಗಾಗುತ್ತೆ. ಯಾವುದರಿಂದ ಅಂತ ಖಚಿತ ಆಗಬೇಕಿದ್ದರೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಇದೆ, ಚರ್ಮರೋಗ ವಿಭಾಗದಲ್ಲಿ ಕೇಳಿ.