ಒಂದು ತಿಂಗಳಿಂದ ನಿಂತಿರೋ ಎದೆಹಾಲು ಮತ್ತೆ ಬರುತ್ತಾ?

ಬರುತ್ತೆ. ನಿಮ್ಮ ವಿಷಯದಲ್ಲಿ ಬರೋ ಸಾಧ್ಯತೆ ಚೆನ್ನಾಗೇ ಇದೆ.

ನೀವು ಬರೆದಿರೋದು ಇಷ್ಟು: ಮಗುವಿಗೆ ಎರಡೂವರೆ ತಿಂಗಳು, ನಾಲ್ಕೂವರೆ ಕೆ.ಜಿ. ತೂಕ. ನಿಮಗೆ ಕಾಮಾಲೆಯಾಗಿ ಮೈಸೂರಲ್ಲಿ ಆಸ್ಪತ್ರೆ ಸೇರಿದ್ರಿ, ಹಾಲು ಕುಡಿಸೋದು ನಿಂತು ಒಂದು ತಿಂಗಳಾಯ್ತು. ಈಗ ಎದೆಗೆ ಹಾಕಿಕೊಂಡರೆ ಮಗು ಮುಖ ತಿರುಗಿಸಿ ಕಿರುಚುತ್ತೆ. ಅತ್ತೆ "ಬತ್ತಿದ ಹಾಲು ಮತ್ತೆ ಬರಲ್ಲ ಬಿಡು" ಅಂತಾರೆ. ಯಾವ ಮಾತ್ರೆ ತಗೊಂಡರೆ ಬೇಗ ಬರುತ್ತೆ ಅಂತ ಕೇಳಿದ್ದೀರಿ.

ನಾನು ಮಂಡ್ಯದವಳು. ಡಾಕ್ಟರಲ್ಲ. ಮೊದಲ ಬಾಣಂತನದಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿ, ಅದು ಕೀವು ಕಟ್ಟಿ, ವಾರಗಟ್ಟಲೆ ಮಗಳಿಂದ ದೂರ ಇದ್ದೆ. ಮನೆಗೆ ಬಂದಾಗ ಹಿಂಡಿದರೆ ಒಂದು ಹನಿಯೂ ಇರಲಿಲ್ಲ. ಆಮೇಲೆ ಹಾಲು ವಾಪಸ್ ಬಂತು. ಪೂರ್ತಿ ಅಲ್ಲ, ಸಂಜೆ ಹೊತ್ತಿನ ಡಬ್ಬದ ಹಾಲು ಕೊನೇವರೆಗೂ ಉಳಿದುಕೊಂಡಿತು. ಮಿಕ್ಕಿದ್ದೆಲ್ಲ ನನ್ನದೇ. ಆ ಹಕ್ಕಿನ ಮೇಲೆ ಬರೀತಿದ್ದೀನಿ.

ಮಾತ್ರೆ ವಿಚಾರ ಆಮೇಲೆ ಹೇಳ್ತೀನಿ, ಯಾಕಂದ್ರೆ ಅದು ಎರಡನೇ ಮಾತು. ಹಾಲು ತರೋದು ಮಗುವಿನ ಬಾಯಿ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನು ಬಿಡುತ್ತೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಕ್ಕೆ ತಳ್ಳುತ್ತೆ. ನಮ್ಮೂರ ಕಡೆ ಹಸು ಕರೆಯೋರಿಗೆ ಎರಡನೇದು ಹೇಳಿಕೊಡಬೇಕಿಲ್ಲ: ಕರು ಬಿಟ್ಟರೆ ಸೊರೆ ಬಿಡುತ್ತೆ, ಹೊಸಬರು ಕೈ ಹಾಕಿದರೆ, ಗಲಾಟೆ ಆದರೆ ಹಾಲು ಮೇಲಕ್ಕೆ ಎಳ್ಕೊಳ್ಳುತ್ತೆ. ಹೆಂಗಸರಿಗೂ ನೋವು, ಗಾಬರಿ, ಪಕ್ಕದಲ್ಲಿ ಕೂತು "ಬಂತಾ ಬಂತಾ" ಅನ್ನೋ ಜನ ಇದ್ದರೆ ಅದೇ ಆಗೋದು. ಎದೆ ಖಾಲಿಯಾದಷ್ಟೂ ಹಾಲು ಹುಟ್ಟುತ್ತೆ, ಖಾಲಿಯಾಗದೆ ಇದ್ದರೆ ತಯಾರಿಕೆ ತಾನಾಗೇ ಇಳಿಯುತ್ತೆ. ನಿಮಗೆ ಆಗಿರೋದು ಈ ಇಳಿತ. ಹಾಲಿನ ಗ್ರಂಥಿಗಳು ಎಲ್ಲೂ ಹೋಗಿಲ್ಲ.

ಹಾಗಾಗಿ ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿಸಿ, ಎದೆಗೆ ಕೆಲಸ ಕೊಡಬೇಕು. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತೆ, ಅದಕ್ಕೇ ರಾತ್ರಿಯ ಸರದಿ ತಪ್ಪಿಸಬೇಡಿ ಅನ್ನೋದು.

ಆದ್ರೆ ಮಗು ಕಚ್ಚೋದೇ ಇಲ್ಲವಲ್ಲ ಅಂತೀರಿ. ಕಷ್ಟ ಇರೋದೇ ಅಲ್ಲಿ. ಬಾಟ್ಲಿ ಬಾಯಿಗಿಟ್ಟ ತಕ್ಷಣ ಸುರಿಯುತ್ತೆ. ಖಾಲಿ ಎದೆ ಚೀಪಿದರೆ ಏನೂ ಸಿಗಲ್ಲ. ಹಸಿದ ಮಗು ಸಿಟ್ಟಾಗೋದು ನ್ಯಾಯವೇ. ಅಂದಮೇಲೆ ಎದೆ ಚೀಪಿದಾಗಲೂ ಹಾಲು ಸಿಗೋ ಹಾಗೆ ಮಾಡಬೇಕು. ಇದಕ್ಕೊಂದು ಸುಲಭದ ಉಪಾಯವನ್ನ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದು ಹೊರಗಿನ ಪ್ರಪಂಚಕ್ಕೆ ತಿಳಿಸಿದೋರು ನಮ್ಮ ದಾವಣಗೆರೆಯ ಮಕ್ಕಳ ವೈದ್ಯರು, ನಿರ್ಮಲಾ ಕೇಸರಿ ಮತ್ತು ಅವರ ಜೊತೆಯವರು, 1993ರಲ್ಲಿ. ಇಂಗ್ಲಿಷ್ ವೀಡಿಯೋಗಳಲ್ಲಿ ಸಾವಿರಾರು ರೂಪಾಯಿಯ ಸಾಮಾನು ತೋರಿಸೋದು ನೋಡಿದಾಗೆಲ್ಲ ನಂಗೆ ಇದು ನೆನಪಾಗುತ್ತೆ.

ಮಾಡೋದು ಹೀಗೆ. ನೀವು ಬೆನ್ನಿಗೆ ಆಸರೆ ಕೊಟ್ಟು ಕೂತ್ಕೊಳ್ಳಿ, ಮಗುವನ್ನ ಎದೆಗೆ ಹಾಕ್ಕೊಳ್ಳಿ. ಇನ್ನೊಬ್ಬರು ಒಳಲೆಯಿಂದಲೋ (ಮೂತಿ ಇರೋ ಪುಟ್ಟ ಬಟ್ಟಲು) ಡ್ರಾಪರ್‌ನಿಂದಲೋ ಎದೆಯ ಮೇಲ್ಭಾಗದಲ್ಲಿ, ಈಗ ಕೊಡ್ತಿರೋ ಡಬ್ಬದ ಹಾಲನ್ನೇ ಹನಿಸಬೇಕು. ಅದು ಜಾರಿ ತೊಟ್ಟಿನ ಹತ್ತಿರ ಬಂದು ಮಗುವಿನ ಬಾಯಿಗೆ ಹೋಗುತ್ತೆ. ರುಚಿ ಸಿಕ್ಕ ಮಗು ಚೀಪೋಕೆ ಶುರು ಮಾಡುತ್ತೆ. ಚೀಪಿದರೆ ಹನಿ, ನಿಲ್ಲಿಸಿದರೆ ಇನ್ನೊಂದು ಹನಿ ಹಾಕಿ ಎಬ್ಬಿಸೋದು. ಮೊದಮೊದಲು ಬಟ್ಟೆಯೆಲ್ಲ ಒದ್ದೆ, ಅರ್ಧ ಹಾಲು ಮಡಿಲಿಗೆ. ತೊಡೆ ಮೇಲೆ ಟವೆಲ್ ಹಾಸ್ಕೊಳ್ಳಿ. ನಮ್ಮನೇಲಿ ಹನಿಸೋ ಕೆಲಸ ನಮ್ಮತ್ತೇದೇ ಆಗಿತ್ತು. ನಿಮ್ಮತ್ತೆ ಕೈಗೂ ಒಳಲೆ ಕೊಟ್ಟು ನೋಡಿ. "ಬರಲ್ಲ ಬಿಡು" ಅನ್ನೋರು ಕೈ ಹಾಕಿದ ಮೇಲೆ ನಿಮಗಿಂತ ಜಾಸ್ತಿ ಹಟ ಹಿಡೀತಾರೆ.

ಒಬ್ಬರೇ ಇದ್ದಾಗ ಟ್ಯೂಬು ಅನುಕೂಲ. ಮೆಡಿಕಲ್ ಅಂಗಡೀಲಿ 5 ಅಥವಾ 6ನೇ ನಂಬರಿನ ಮಕ್ಕಳ ಫೀಡಿಂಗ್ ಟ್ಯೂಬ್ ಅಂತ ಕೇಳಿ, ದುಬಾರಿಯಲ್ಲ. ಒಂದು ತುದಿ ಲೋಟದ ಹಾಲಿನೊಳಗೆ. ಇನ್ನೊಂದು ತುದಿಯನ್ನ ತೊಟ್ಟಿನ ಪಕ್ಕಕ್ಕೆ ಬರೋ ಹಾಗೆ ಎದೆಗೆ ಸಣ್ಣ ಪ್ಲಾಸ್ಟರ್‌ನಲ್ಲಿ ಅಂಟಿಸಬೇಕು. ಮಗು ತೊಟ್ಟು ಮತ್ತು ಟ್ಯೂಬು ಎರಡನ್ನೂ ಸೇರಿಸಿ ಕಚ್ಚುತ್ತೆ. ಲೋಟ ಮೇಲಿಟ್ಟರೆ ಹಾಲು ಜೋರಾಗಿ ಬರುತ್ತೆ, ಕೆಳಗಿಟ್ಟರೆ ಮಗು ಎಳೆದಷ್ಟೇ. ಶುರುವಲ್ಲಿ ಸ್ವಲ್ಪ ಮೇಲಿಟ್ಟು ಮಗುವನ್ನ ಒಲಿಸಿಕೊಂಡು, ದಿನ ಕಳೆದ ಹಾಗೆ ಇಳಿಸಿ. ಬಳಸಿದ ಕೂಡಲೇ ಟ್ಯೂಬಿನೊಳಗೆ ನೀರು ಹಾಯಿಸಿ, ಸೋಪಿನ ನೀರು ಹಾಯಿಸಿ, ಮತ್ತೆ ಕಾದಾರಿದ ನೀರು ಹಾಯಿಸಿ. ಕೆಲವು ದಿನಕ್ಕೊಮ್ಮೆ ಹೊಸ ಟ್ಯೂಬು. ಮೊದಲ ಸಲ ಮಾತ್ರ ಆಸ್ಪತ್ರೆಯ ನರ್ಸ್ ಮುಂದೆ ಮಾಡಿ, ನೋಡಿ ಕಲಿಯೋ ಕೆಲಸ ಅದು.

ಮಗು ಹಸಿದು ಅಳೋವಾಗ ಎದೆಗೆ ಹಾಕಿಕೊಳ್ಳೋಕೆ ಹೋಗಬೇಡಿ, ಜಗಳವೇ ಆಗೋದು. ನಿದ್ದೆಗಣ್ಣಲ್ಲಿ ಇರುವಾಗ, ಅರ್ಧ ಎದ್ದಾಗ ಹಾಕ್ಕೊಳ್ಳಿ. ಮಿಕ್ಕ ಹೊತ್ತಲ್ಲಿ ಮಗುವಿನ ಅಂಗಿ ತೆಗೆದು, ನಿಮ್ಮ ಬರಿ ಎದೆ ಮೇಲೆ ಮಲಗಿಸಿಕೊಂಡು, ಮೇಲೊಂದು ಹೊದಿಕೆ ಹೊದ್ದು ಸುಮ್ಮನೆ ಕೂತಿರಿ. ಕುಡಿಸಲೇಬೇಕು ಅಂತಿಲ್ಲ. ಎದೆ ಅಂದ್ರೆ ಅಳು ಅನ್ನೋದು ಮಗುವಿಗೆ ಮರೆತುಹೋಗಬೇಕು, ಅಷ್ಟೇ. ನಿಮಗೆ ತೂಕಡಿಕೆ ಬಂದರೆ ಮಗುವನ್ನ ಬೇರೆಯವರಿಗೆ ಕೊಟ್ಬಿಡಿ.

ಬಾಟ್ಲಿ ನಿಲ್ಲಿಸಿ, ಮೇಲುಹಾಲನ್ನ ಸ್ಟೀಲಿನ ಒಳಲೆಯಲ್ಲೋ ಸಣ್ಣ ಲೋಟದಲ್ಲೋ ಕೊಡಿ. ಒಳಲೆ ಅಂದ ತಕ್ಷಣ ಹಳೇ ಕಾಲದ ಅಭ್ಯಾಸ ನೆನಪಾಗುತ್ತೆ, ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಬಾಯಿಗೆ ಹುಯ್ಯೋದು. ಅದು ಬೇಡವೇ ಬೇಡ, ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಮಗುವನ್ನ ಎತ್ತರಿಸಿ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ತಾನಾಗಿ ನುಂಗಿದಷ್ಟು. ಒಳಲೆಯ ಮೂತಿ ಸಂದೀಲಿ ಹಾಲು ಒಣಗುತ್ತೆ, ಪ್ರತಿ ಸಲ ತಿಕ್ಕಿ ತೊಳೆದು ಕುದಿಸಿ.

ಈಗ ತುಂಬಾ ಮುಖ್ಯವಾದ ಮಾತು. ಎದೆಹಾಲು ಬರಲಿ ಅಂತ ಮಗುವನ್ನ ಹಸಿವಲ್ಲಿ ಇಡಬೇಡಿ. ಹಸಿದು ಸೋತ ಮಗುವಿಗೆ ಚೀಪೋಕೂ ಶಕ್ತಿ ಇರಲ್ಲ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಲೆಕ್ಕ, ಅಂದ್ರೆ ನಿಮ್ಮ ಮಗುವಿಗೆ 24 ಗಂಟೆಯಲ್ಲಿ ಹತ್ತಿರ ಹತ್ತಿರ 675 ಮಿ.ಲೀ. ಮೊದಲು ಅಷ್ಟನ್ನೂ ಕೊಡಿ. ಪೌಡರನ್ನ ತೆಳ್ಳಗೆ ಕಲಸೋದು ಬೇಡ, ಡಬ್ಬದ ಮೇಲಿರೋ ಅಳತೆಯೇ ಅಳತೆ. ನಿಮ್ಮ ಹಾಲು ಬರ್ತಿದೆ ಅಂತ ಗೊತ್ತಾದ ಮೇಲೆ ದಿನದ ಒಟ್ಟು ಲೆಕ್ಕದಲ್ಲಿ 30ರಿಂದ 60 ಮಿ.ಲೀ. ಇಳಿಸಿ, ಮಗು ತೃಪ್ತಿಯಾಗಿದ್ದರೆ ಮತ್ತಷ್ಟು. ಪ್ರತಿ ವಾರ ಒಂದೇ ತಕ್ಕಡೀಲಿ ತೂಕ ನೋಡಿಸಿ, ಅಂಗನವಾಡೀಲಿ ಇರುತ್ತೆ. ವಾರಕ್ಕೆ 125 ಗ್ರಾಂ ಆದ್ರೂ ಏರಬೇಕು, ದಿನಕ್ಕೆ ಆರು ಸಲವಾದ್ರೂ ತಿಳಿ ಮೂತ್ರ ಹೋಗಬೇಕು. ಇವೆರಡು ಸರಿ ಇದ್ದರೆ ಯಾರ ಮಾತಿಗೂ ಕಿವಿ ಕೊಡಬೇಕಿಲ್ಲ. ಮೂಗು ಮುರಿಯೋರು ಇದ್ದೇ ಇರ್ತಾರೆ. 1992ರ ಕಾನೂನಿನಿಂದ ಡಬ್ಬದ ಹಾಲಿನ ಜಾಹೀರಾತು ನಿಷೇಧ ಆಗಿದೆ, ಆದ್ರೆ ನೆಂಟರ ಬಾಯಿಗೆ ಯಾವ ಕಾನೂನೂ ಇಲ್ಲ.

ಬರ್ತಿದೆ ಅಂತ ಗೊತ್ತಾಗೋದು ಹೇಗೆ? ಮೊದಲು ಹಿಂಡಿದಾಗ ಜಿನುಗು. ಆಮೇಲೆ ಹನಿಸದೇ ಇದ್ದಾಗಲೂ ಮಗು ಗುಟುಕರಿಸೋ ಸದ್ದು. ಮಲ ಮೆತ್ತಗಾಗುತ್ತೆ, ಡಬ್ಬದ ಹಾಲಿನ ವಾಸನೆ ಹೋಗುತ್ತೆ. ಕೆಲವರಿಗೆ ಒಂದು ವಾರದೊಳಗೆ ಜಿನುಗುತ್ತೆ, ಕೆಲವರಿಗೆ ಮೂರು ನಾಲ್ಕು ವಾರ ಬೇಕು. ಮಗು ಎಷ್ಟು ಚಿಕ್ಕದೋ, ಹಾಲು ನಿಂತು ಎಷ್ಟು ಕಮ್ಮಿ ದಿನವಾಗಿದೆಯೋ ಅಷ್ಟು ಬೇಗ. ಆರು ತಿಂಗಳು ದಾಟಿದ ಮಗು ಎದೆಗೆ ಒಗ್ಗೋದು ಕಷ್ಟ. ನಿಮ್ಮದು ಎರಡೂವರೆ ತಿಂಗಳಷ್ಟೇ.

ಹಾಲು ಹಿಂಡೋ ಪಂಪ್ ಇದ್ದರೆ, ಮಗು ಬಾಯಿ ಹಾಕದ ಸರದಿಗೆ ಅದನ್ನ ಬಳಸಿ, ಒಂದೊಂದು ಕಡೆಗೂ ಹತ್ತು ಹದಿನೈದು ನಿಮಿಷ. ಇಲ್ಲದಿದ್ದರೆ ಕೈಯಲ್ಲಿ ಹಿಂಡಿ. ಬಾಟ್ಲಿ ತಳ ನೋಡಿ ಅಳಬೇಡಿ, ಪಂಪಿಗೆ ಬಂದಷ್ಟೇ ಇರೋದು ಅಂತಲ್ಲ. ಮಗು ಅದಕ್ಕಿಂತ ಚೆನ್ನಾಗಿ ಎಳೆಯುತ್ತೆ.

ಇನ್ನು ಮಾತ್ರೆ. ಡಾಕ್ಟರುಗಳು ಕೆಲವರಿಗೆ ಡೊಂಪೆರಿಡೋನ್ ಬರೀತಾರೆ, ಅದು ಪ್ರೊಲ್ಯಾಕ್ಟಿನ್ ಏರಿಸುತ್ತೆ. ಆದ್ರೆ ಚೀಪಿಸದೆ ಬರೀ ಮಾತ್ರೆ ನುಂಗಿದರೆ ಪ್ರಯೋಜನ ಇಲ್ಲ. ನಿಮಗೆ ನಾನು ಬೇಡ ಅಂತ ಹೇಳೋಕೆ ಇನ್ನೊಂದು ಕಾರಣ ಇದೆ: ನಿಮಗೆ ಈಗಷ್ಟೇ ಕಾಮಾಲೆ ಆಗಿದೆ. ಈ ಔಷಧಿ ಕರಗೋದು ಲಿವರ್‌ನಲ್ಲಿ. ಲಿವರ್ ಸೋತಿದ್ದರೆ ಮೈಯಲ್ಲೇ ಉಳಿದುಕೊಂಡು ಹೃದಯದ ಬಡಿತ ಏರುಪೇರು ಮಾಡಬಹುದು. ಫಂಗಸ್‌ಗೆ ಕೊಡೋ ಕೆಲವು ಮಾತ್ರೆ, ಎರಿತ್ರೋಮೈಸಿನ್ ಥರದ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಇನ್ನೂ ಅಪಾಯ. ಮೆಟೊಕ್ಲೊಪ್ರಮೈಡ್ ಅನ್ನೋ ಇನ್ನೊಂದು ಮಾತ್ರೆ ಕೆಲವರಲ್ಲಿ ಖಿನ್ನತೆ ತರುತ್ತೆ, ಬಾಣಂತಿಗೆ ಅದೊಂದು ಬೇಕಾ? ಕೌಂಟರಲ್ಲಿ ಕೇಳಿ ತಗೋಬೇಡಿ. ನಿಮ್ಮ ಕಾಮಾಲೆ ನೋಡಿದ ಡಾಕ್ಟರನ್ನೇ, ಈಗ ತಗೊಳ್ತಿರೋ ಔಷಧಿ ಜೊತೆ ಮಗುವಿಗೆ ಹಾಲು ಕೊಡಬಹುದಾ ಅಂತ ಮೊದಲು ಕೇಳಿ. ಹಾಗೇ ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಏರುಪೇರಾದರೆ, ರಕ್ತ ಕಮ್ಮಿ ಇದ್ದರೆ ಹಾಲು ಸರಿಯಾಗಿ ಬರದೇ ಇರಬಹುದು. ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರೆ ಹಾಲು ಇಳಿಸುತ್ತೆ. ಅದು ಬೇಡ ಅಂದ್ಕೊಂಡು ಸುಮ್ಮನೆ ಇರಬೇಡಿ, ಎದೆಹಾಲು ಕುಡಿಸ್ತಿದ್ದರೆ ಬಸಿರಾಗಲ್ಲ ಅನ್ನೋ ನಂಬಿಕೆ ಮೇಲುಹಾಲು ಸೇರಿದಾಗ ನಡೆಯಲ್ಲ. ಕಾಪರ್-ಟಿ ಥರದ್ದು ಕೇಳಿ.

ಊಟದ ಬಗ್ಗೆ ಎಲ್ಲರೂ ಹೇಳ್ತಾರೆ: ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಶತಾವರಿ ಪುಡಿ. ತಿನ್ನೋ ಸೊಪ್ಪು ಸಾರು ತಿನ್ನಿ, ರುಚಿಗೆ. ಅವುಗಳಿಂದ ಹಾಲು ಉಕ್ಕುತ್ತೆ ಅನ್ನೋಕೆ ಗಟ್ಟಿ ಆಧಾರ ಕಮ್ಮಿ. ಕಾಮಾಲೆಯಾದೋರು ಪುಡಿ, ಕಷಾಯ, ಲೇಹ್ಯ ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಬಾಣಂತಿಗೆ ನೀರು ಕಮ್ಮಿ ಕೊಡೋ ಪದ್ಧತಿ ನಿಮ್ಮನೇಲಿದ್ದರೆ ಅದನ್ನ ಬಿಡಿ. ಬಾಯಾರಿದಷ್ಟು ಕುಡೀರಿ.

ಅಡಿಗೆ, ಪಾತ್ರೆ, ಬಟ್ಟೆ ಬೇರೆಯವರು ನೋಡ್ಕೊಳ್ಳದೆ ಇದು ಆಗಲ್ಲ. ಎರಡು ವಾರ ನಿಮ್ಮ ಕೆಲಸ ಕೂತು ಕುಡಿಸೋದು, ಮಲಗೋದು. ಮನೆಯವರಿಗೆ ಈ ಮಾತು ಬಾಯಿಬಿಟ್ಟು ಹೇಳಿ. ಆಗಲ್ಲ ಅಂದ್ರೆ ತವರಿಗೆ ಹೋಗಿ.

ಪೂರ್ತಿ ಹಾಲು ವಾಪಸ್ ಬರದೇ ಇರಬಹುದು. ಅರ್ಧ ಬಂದರೂ ಆ ಅರ್ಧ ಎದೆಹಾಲೇ, ಮಗುವಿಗೆ ದಕ್ಕಿದ್ದೇ. ಎರಡು ಮೂರು ವಾರ ನಿಯಮವಾಗಿ ಮಾಡಿಯೂ ಏನೂ ಇಲ್ಲ, ನಿಮಗೆ ನಿದ್ದೆ ಇಲ್ಲ, ಮನಸ್ಸು ಕುಸೀತಿದೆ ಅನ್ಸಿದರೆ ನಿಲ್ಲಿಸಿ. ಸರಿಯಾಗಿ ಕಲಸಿ ಕೊಟ್ಟ ಡಬ್ಬದ ಹಾಲಲ್ಲೂ ಮಕ್ಕಳು ಬೆಳೀತಾರೆ, ಬೆಳೆದಿದ್ದಾರೆ.

ನಾಳೆಯೇ ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೋ, ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರ ಹತ್ತಿರವೋ ಹೋಗಿ, ಮಗುವಿನ ತೂಕ ಬರೆಸಿ, ಕಚ್ಚೋ ರೀತಿ ತೋರಿಸಿ. ಮಂಡ್ಯ ಹತ್ತಿರವಾದ್ರೆ ಅಲ್ಲಿನ ಮಿಮ್ಸ್ ಆಸ್ಪತ್ರೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಇನ್ನೂ ಒಳ್ಳೇದು. ಮಧ್ಯದಲ್ಲಿ ಎಂದಾದ್ರೂ ಮಗುವಿನ ಮೂತ್ರ ಕಮ್ಮಿಯಾದರೆ, ಗಾಢ ಹಳದಿಯಾದರೆ, ಎಬ್ಬಿಸಿದರೂ ಏಳದೆ ಕುಡಿಯೋದು ಬಿಟ್ಟು ಮಲಗಿದರೆ ಅವತ್ತೇ ಹೋಗಿ, ವಾರದ ತೂಕಕ್ಕೆ ಕಾಯಬೇಡಿ. ನಿಮ್ಮ ಎದೆ ಕೆಂಪಗಾಗಿ ಗಟ್ಟಿಯಾಗಿ ಚಳಿಜ್ವರ ಬಂದರೂ ಅಷ್ಟೇ, ಆದ್ರೆ ಆ ಕಡೆಯಿಂದ ಕುಡಿಸೋದನ್ನ ಮಾತ್ರ ನಿಲ್ಲಿಸಬೇಡಿ.