ನೋಮ್ ಪೆನ್‌ನಲ್ಲಿ ಎರಡು ದಿನ

ಪ್ರಶ್ನೆ: ನಾವು ನಿವೃತ್ತ ದಂಪತಿ, ಶಾಕಾಹಾರಿಗಳು. ಅಂಗ್ಕೋರ್ ನೋಡಲು ಹೊರಟಿದ್ದೇವೆ. ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಎರಡು ದಿನ ಉಳಿಯುವುದು ಸಾರ್ಥಕವೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಅವಶ್ಯವಾಗಿ ಉಳಿಯಿರಿ. ಬಾದಾಮಿಯ ಮೊದಲನೆಯ ಗುಹೆಯ ಹರಿಹರನನ್ನು ಬಲ್ಲ ನಿಮ್ಮ ಜಿಲ್ಲೆಯವರು, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಸಾತ್ ಆಂಡೆಟ್ ದೇಗುಲದ ಹರಿಹರನ ಮುಂದೆ ಬಹಳ ಹೊತ್ತು ನಿಲ್ಲದೆ ಇರಲಾರಿರಿ. ಬಾದಾಮಿಯದು ಬಂಡೆಯ ಮೈಯಲ್ಲೇ ಮೂಡಿದ ಉಬ್ಬುಶಿಲ್ಪವಾದರೆ ಇದು ಬಿಡಿಮೂರ್ತಿ, ಆದರೂ ತಲೆಯ ಅರ್ಧಭಾಗದಲ್ಲಿ ಶಿವನ ಜಟೆ, ಇನ್ನರ್ಧದಲ್ಲಿ ವಿಷ್ಣುವಿನ ಕಿರೀಟ ಎಂಬ ಕಲ್ಪನೆ ಒಂದೇ. ಪಕ್ಕದ ಅರಮನೆ ಹಾಗೂ ಬೆಳ್ಳಿ ಪಗೋಡಾಕ್ಕೆ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು. ಸೀರೆಯವರಿಗೆ ಆ ಚಿಂತೆಯಿಲ್ಲ.

ಸಂಜೆಗೆ ನದೀತೀರವೇ ಸರಿ. ಮಳೆಗಾಲದಲ್ಲಿ ಉಕ್ಕುವ ಮೆಕಾಂಗ್ ನದಿಯು ಟೋನ್ಲೆ ಸಾಪ್ ನದಿಯನ್ನು ಅದೇ ಹೆಸರಿನ ಸರೋವರದತ್ತ ಹಿಮ್ಮುಖವಾಗಿ ಹರಿಸುತ್ತದೆ. ಆ ನೀರು ಮರಳುವ ಕಾಲಕ್ಕೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ದೋಣಿ ಪಂದ್ಯಗಳ ಜಲೋತ್ಸವ ನಡೆಯುವುದರಿಂದ ವಸತಿಯನ್ನು ಮೊದಲೇ ಕಾಯ್ದಿರಿಸಿ.

ಶಾಲೆಯಾಗಿದ್ದು, ಖಮೇರ್ ರೂಜ್ ಎಂಬ ಕಮ್ಯುನಿಸ್ಟರ ಕ್ರೂರ ಆಡಳಿತದಲ್ಲಿ (1975–79) ಸೆರೆಮನೆಯಾದ ಟುವೊಲ್ ಸ್ಲೆಂಗ್ ವಸ್ತುಸಂಗ್ರಹಾಲಯ ಮನಸ್ಸನ್ನು ಕಲಕುತ್ತದೆ. ಅದೇ ದಿನ ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಊಟದಲ್ಲಿ ಎಚ್ಚರವಿರಲಿ: ತರಕಾರಿಯ ಖಾದ್ಯಕ್ಕೂ ಮೀನಿನ ಸಾಸ್ ಬೆರೆಸುವುದುಂಟು. ನಗರದಲ್ಲಿ ಭಾರತೀಯ ಹೋಟೆಲುಗಳಿವೆ. ಪ್ರಯಾಣದ ಹಾದಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ.