ಭಾವಗೀತೆಯ ರೆಗೆ ಬ್ಯಾಂಡಿಗೆ ಯಾವ ವೇಷ ಹಾಕಬೇಕು?

ಹಳೇ ಭಾವಗೀತೆಗಳನ್ನು ಜಮೈಕಾದ ರೆಗೆ ಶೈಲಿಯಲ್ಲಿ ಹಾಡ್ತೀವಿ, ಯಾವ ವೇಷ ಹಾಕಿದರೆ ಜನ ಸೇರ್ತಾರೆ ಅಂತ ಕೇಳಿದ್ದೀರಿ. ನಾವೂ ಹೀಗೇ ಶುರು ಮಾಡಿದ್ದು.

ಹನುಮಂತನಗರದ ಒಂದು ಗಣೇಶೋತ್ಸವ. ಆರ್ಕೆಸ್ಟ್ರಾದವರು ಬರುವ ಮುಂಚೆ ಅರ್ಧ ಗಂಟೆ ನಮಗೆ. ಕಚ್ಚೆಪಂಚೆ, ಮೈಸೂರು ಪೇಟ, ಕಪ್ಪು ಕನ್ನಡಕ. ವೇದಿಕೆ ಹತ್ತಿದ ಕೂಡಲೇ ಶಿಳ್ಳೆ ಬಿತ್ತು. ಊರಿಗೆಲ್ಲಾ ಬಾಯಿಪಾಠವಾದ ಭಾವಗೀತೆ ಎತ್ತಿಕೊಂಡೆವು. ಪಲ್ಲವಿ ಮುಗಿದರೂ ಒಬ್ಬರೂ ದನಿಗೂಡಿಸಲಿಲ್ಲ. ಮುಂದಿನ ಸಾಲಲ್ಲಿದ್ದ ಅಜ್ಜಿ ಪಕ್ಕದವರನ್ನು "ಯಾವ ಹಾಡಮ್ಮಾ ಇದು?" ಅಂತ ಕೇಳಿದ್ದು ನನ್ನ ಕಿವಿಗೇ ಬಿತ್ತು.

ತಪ್ಪು ಎಲ್ಲಿ ಆಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ಬೀಳ್ತೀರಿ. ಆ ಹಾಡು ದಾದ್ರಾ ತಾಳದಲ್ಲಿತ್ತು, ಆರು ಮಾತ್ರೆ. ರೆಗೆಯದು ನಾಲ್ಕರ ಎಣಿಕೆ. ಗಿಟಾರ್ ಎರಡು, ನಾಲ್ಕಕ್ಕೆ ಕಚಕ್ ಅಂತ ಬೀಳುತ್ತೆ, ಡ್ರಮ್ಮಿನ ಭಾರವೆಲ್ಲಾ ಮೂರರ ಮೇಲೆ. ಆರನ್ನು ನಾಲ್ಕಕ್ಕೆ ತುರುಕಲು ಹೋಗಿ ಅಕ್ಷರ ಎಳೆದೆವು. 'ಮರ' ಅನ್ನೋದು 'ಮಾರ' ಆಯ್ತು. ಎಳೆದ ಮಾತಿಗೆ ಹಳೇ ರಾಗ ಹೊಂದಲಿಲ್ಲ ಅಂತ ರಾಗವನ್ನೂ ತಿದ್ದಿದೆವು. ತಾಳ, ರಾಗ, ಮಾತು ಮೂರೂ ಹೋದ ಮೇಲೆ ಜನಕ್ಕೆ ಹಿಡಿದುಕೊಳ್ಳಲು ಏನು ಉಳಿಯಿತು? ಆ ಸಮಿತಿ ಮತ್ತೆ ಕರೆಯಲಿಲ್ಲ. ಡ್ರಮ್ಮರ್ ಬೇರೆ ಬ್ಯಾಂಡ್ ಸೇರಿದ. ಅಲ್ಲಿಗೆ ಮುಗೀತು.

ಅಮೆರಿಕದ ಡ್ರೆಡ್ ಝೆಪ್ಪೆಲಿನ್ ಬ್ಯಾಂಡ್ ನೋಡಿ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್ ಹಾಡುಗಳನ್ನು ರೆಗೆಯಲ್ಲಿ ನುಡಿಸಿದರು, ಹಾಡುಗಾರ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ವೇಷದವನು. 1990ರಲ್ಲಿ ಆಲ್ಬಮ್ಮೇ ಬಂತು. ಎಲ್ಲರೂ ವೇಷದ ಮಾತಾಡ್ತಾರೆ. ಆದರೆ ಅವರು ಮೂಲದ ಗಿಟಾರ್ ವರಸೆ, ಮಾತು ಎರಡನ್ನೂ ಗುರುತು ಸಿಗುವಂತೆ ಉಳಿಸಿಕೊಂಡಿದ್ದರು. ಫಿನ್ಲೆಂಡಿನ ಅಪೊಕ್ಯಾಲಿಪ್ಟಿಕಾ ತಂಡ 1996ರಲ್ಲಿ ಬರೀ ನಾಲ್ಕು ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಇಟ್ಟುಕೊಂಡು ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಾಡುಗಳನ್ನು ನುಡಿಸಿತು. ವಾದ್ಯ ಬದಲಾಯ್ತು, ಹಾಡಿನ ಸ್ವರ ಹಾಗೇ ಇತ್ತು. ನಮ್ಮ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರ್ ಮೇಲೆ ಹಾಡಿದಾಗ ಶರೀಫರ ಮಾತು ಸ್ಪಷ್ಟವಾಗಿ ಕೇಳಿಸುತ್ತೆ, ಅಲ್ವಾ?

ಹಾಗಾಗಿ ವೇಷದ ಪ್ರಶ್ನೆಯೇ ಬೇಡ. ಏನನ್ನು ಮುಟ್ಟಲ್ಲ ಅಂತ ಮೊದಲು ತೀರ್ಮಾನ ಮಾಡಿ. ನನ್ನ ಕೇಳಿದರೆ ಮಾತು ಮುಟ್ಟಬೇಡಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಕೆಟ್ಟರೆ ಹಾಡೇ ಕೆಟ್ಟಂತೆ. ರೆಕಾರ್ಡ್ ಮಾಡಿ ಹಾಕುವ ಮುಂಚೆ ಕವಿ, ಸಂಗೀತ ಸಂಯೋಜಕರ ಕಡೆಯವರ ಒಪ್ಪಿಗೆ ತಗೊಳ್ಳಿ, ಅದನ್ನು ಸುಮ್ನೆ ಬಿಡಬೇಡಿ.

ಮೊದಲ ಹಾಡಿಗೆ ದಾದ್ರಾ ಬಿಟ್ಟು ಕೆಹರ್ವಾ ತಾಳದ್ದು ಆರಿಸಿ. ಅದು ಎಂಟು ಮಾತ್ರೆ, ರೆಗೆಗೆ ಎಳೆಯದೇ ಕೂರುತ್ತೆ.